ಗೋಡೆಯ ಹಿಂದಿನ ಓಣಿ

ಮೂರನೆಯ ಸಲ! ಸೈಕಲ್ ಅಂಗಡಿಯವನು ಗ್ರೀಸು ಮೆತ್ತಿದ ಬೆರಳಲ್ಲೇ ಫೋನು ತಿಕ್ಕಿ ನೋಡಿದ. ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕಾಶೆಯಲ್ಲಿ, ಆಸ್ಪತ್ರೆ ಗೋಡೆಯ ಹಿಂದಿನ ಓಣಿಗೆ ಅವನು ‘ಸೈಕಲ್ ದಾರಿ’ ಎಂದು ಗುರುತು ಹಾಕಿ ಹದಿನೈದು ದಿನವಾಗಿತ್ತು. ‘ಬಸವನಹುಳು’ ಎಂದು ಹೆಸರಿಟ್ಟುಕೊಂಡ ಯಾರೋ ಪುಣ್ಯಾತ್ಮ ಅದನ್ನು ಮತ್ತೆ ‘ನಡೆಯುವವರಿಗೆ ಮಾತ್ರ’ ಮಾಡಿದ್ದ. ಕೆಳಗೆ ಒಂದೇ ಸಾಲು: ‘ಒಮ್ಮೆಯಾದರೂ ನಡೆದು ನೋಡಿದ್ದೀರಾ?’

“ನನಗೇ ಪಾಠ ಹೇಳ್ತಾನೆ! ಈ ಊರಲ್ಲಿ ನಾನು ತುಳೀದೆ ಇರೋ ದಾರಿ ಯಾವುದಿದೆ?”

“ನೀನು ತುಳಿದಿದ್ದು ಪೆಡಲ್ಲು,” ಎಂದಳು ಹೆಂಡತಿ, ಪಂಕ್ಚರ್ ಟ್ಯೂಬನ್ನು ನೀರಿಗೆ ಅದ್ದುತ್ತ.

ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮುಂದಿನ ಸರ್ಕಲ್ಲಿನಲ್ಲಿ ಲಾರಿಗಳ ಕಾಟ. ಅಂಗಡಿಯ ಗಿರಾಕಿಯೊಬ್ಬ ಅಲ್ಲೇ ಕಾಲು ಮುರಿದುಕೊಂಡಿದ್ದ. ಓಣಿ ಹಿಡಿದರೆ ಆ ಪೀಡೆಯೇ ಇಲ್ಲ. ಇಷ್ಟು ಸರಳ ವಿಷಯ ಆ ಹುಳುವಿನ ತಲೆಗೆ ಹೋಗುವುದಿಲ್ಲವೇ? ಸರಿಯಿದ್ದ ಬ್ರೇಕನ್ನೇ ಬಿಗಿದು ಕೆಡಿಸಿದ ಮೇಲೆ, ಅಳತೆ ಟೇಪು ಜೇಬಿಗಿಳಿಸಿ ಹೊರಟೇಬಿಟ್ಟ.

ಟೇಪು ಹಿಡಿದರೆ ಓಣಿ ಒಂದೂವರೆ ಮೀಟರ್ ಕೂಡ ಇರಲಿಲ್ಲ. ಉಪಗ್ರಹದ ಚಿತ್ರ ನೋಡಿ ಅವನು ಎರಡೂವರೆ ಎಂದು ಬರೆದಿದ್ದ. ಗೋಡೆಯ ನೆರಳನ್ನೂ ದಾರಿಯ ಲೆಕ್ಕಕ್ಕೆ ಹಿಡಿದಿದ್ದನಲ್ಲ! ಆಮೇಲೆ ಒಂದೇ ಒಂದು ಸಲ ನಲವತ್ತು ಸೆಕೆಂಡಿನಲ್ಲಿ ಸೈಕಲ್ ಹೊಡೆದುಕೊಂಡು ದಾಟಿದ್ದ, ಅಷ್ಟೇ.

ಗೋಡೆಯುದ್ದಕ್ಕೂ ಇದ್ದಿಲಿನ ಗೆರೆಗಳಿದ್ದವು. ಎದುರು ಬಾಗಿಲಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಗಸು ಅವನ ಟೇಪನ್ನೇ ನೋಡುತ್ತಿದ್ದಳು.

“ಈ ಗೆರೆಗಳು ಏನಕ್ಕಾ?”

“ನಮ್ಮನೆಯವರದು. ಲಕ್ವ ಹೊಡೆದ ಮೇಲೆ ಮತ್ತೆ ನಡೆಯೋಕೆ ಕಲೀತಿದ್ರು. ದಿನಾ ಎಲ್ಲೀತನಕ ಹೋದ್ರೋ ಅಲ್ಲಿಗೊಂದು ಗೆರೆ. ಆ ತುದಿಯ ನಲ್ಲಿ ಮುಟ್ಟಬೇಕು ಅಂತ ಹಟ.”

ಕೊನೆಯ ಗೆರೆಗೂ ನಲ್ಲಿಗೂ ನಡುವೆ ಐದಾರು ಮಾರು ಉಳಿದಿತ್ತು.

“ಈಗ?”

“ಎಲ್ಲಿಂದ ಬಂದ್ವೋ ಈ ಸೈಕಲ್ಲುಗಳು, ಇರುವೆ ಸಾಲಿನ ಹಾಗೆ! ಹನ್ನೆರಡು ದಿನದ ಹಿಂದೆ ಒಂದು ಇವರಿಗೆ ತಾಗಿಸಿಕೊಂಡೇ ಹೋಯ್ತು. ಗೋಡೆ ಹಿಡ್ಕೊಂಡಿದ್ದಕ್ಕೆ ಬೀಳಲಿಲ್ಲ. ಅವತ್ತಿಂದ ಹೊಸ್ತಿಲು ದಾಟಲ್ಲ. ಆ ಫೋನಲ್ಲಿ ಅದೇನೋ ಕುಟ್ತಾ ಕೂತಿರ್ತಾರೆ.”

ಒಳಗೆ ಕುರ್ಚಿಯಲ್ಲಿದ್ದವನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎಡಗೈ ಹೆಬ್ಬೆರಳು ಫೋನಿನ ಮೇಲೆ ನಿಧಾನಕ್ಕೆ ಆಡುತ್ತಿತ್ತು. ಬಸವನಹುಳು ಇವನೇ ಎಂದು ಸೈಕಲ್ ಅಂಗಡಿಯವನಿಗೆ ಹೊಳೆಯಿತು. ನಾನೇ ಅದು ಮಾಡಿದ್ದು ಎನ್ನಬೇಕಿತ್ತು; ಟೇಪು ಸುತ್ತಿ ಜೇಬಿಗಿಳಿಸಿ ಹೊರಟ.

ಓಣಿಯ ಬಾಯಿಗೆ ಬರುವಷ್ಟರಲ್ಲಿ ಪಾರ್ಸೆಲ್ ಹಂಚುವವಳೊಬ್ಬಳು ಸೈಕಲ್ಲಿನಲ್ಲಿ ನುಗ್ಗಿದಳು. ಅವನು ಹ್ಯಾಂಡಲ್ ಹಿಡಿದು ನಿಲ್ಲಿಸಿದ.

“ಇದು ನಡೆಯೋರ ದಾರಿ ಕಣಮ್ಮ. ನಕಾಶೆ ನೋಡು, ಬದಲಾಗಿದೆ.”

“ನಮ್ಮ ಆಪಲ್ಲಿ ಸೈಕಲ್ ದಾರಿ ಅಂತಲೇ ಇದೆಯಲ್ಲಾ. ಕಂಪನಿಯವರು ನಕಾಶೆ ಇಳಿಸಿಕೊಳ್ಳೋದು ತಿಂಗಳಿಗೊಂದು ಸಲ. ಮುಂದಿನ ಸಲ ಸರಿಯಾಗುತ್ತೆ, ಬಿಡಿ ಸಾರ್.”

ಅಂದರೆ ಅಳಿಸಿದರೂ ಅಳಿಯುವುದಿಲ್ಲ. ಅವನು ಅಲ್ಲೇ ನಿಂತು ಬಸವನಹುಳುವಿಗೆ ಉತ್ತರ ಬರೆದ: ‘ನಡೆದಿರಲಿಲ್ಲ. ತಪ್ಪು ನನ್ನದು. ನಾಳೆ ಬೆಳಿಗ್ಗೆ ಏಳಕ್ಕೆ ಓಣಿಯಲ್ಲಿ ಒಂದು ಸೈಕಲ್ಲೂ ಇರುವುದಿಲ್ಲ. ಬನ್ನಿ.’

“ನಲ್ಲಿ ಕಡೆ ಸೈಕಲ್ ತಡೆಯೋಕೆ ನೀನು ನಿಲ್ಲಬೇಕು,” ಎಂದ ಹೆಂಡತಿಗೆ, ಅಂಗಡಿಗೆ ಮರಳಿ ನಡೆದದ್ದೆಲ್ಲ ಹೇಳಿ.

“ಎಷ್ಟು ದಿನ?”

“ತಿಂಗಳು ಮುಗಿಯೋವರೆಗೆ.”

“ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನೀನು ಮಾಡಿದ್ದನ್ನ ನಾನೂ ಉಣ್ಣಬೇಕಲ್ಲ!” ಎಂದರೂ, ಬೆಳಿಗ್ಗೆ ಅವನಿಗಿಂತ ಮೊದಲೇ ಚಪ್ಪಲಿ ಮೆಟ್ಟಿದ್ದಳು.

ಅವನು ಓಣಿಯ ಬಾಯಿಗೆ ತನ್ನ ಸೈಕಲ್ಲನ್ನೇ ಅಡ್ಡ ನಿಲ್ಲಿಸಿಕೊಂಡ. ಬಂದವರು ಬೈದುಕೊಂಡೇ ತಿರುಗಿ ಹೋದರು. ಏಳಾಯಿತು. ಏಳೂ ಹತ್ತು. ಬಾಗಿಲು ಮುಚ್ಚಿಯೇ ಇತ್ತು. ಬರುತ್ತಾನೋ ಇಲ್ಲವೋ? ಬರದಿದ್ದರೆ? ಸುಮ್ಮನಿರಲಾರದ ಬೆರಳುಗಳು ಚೈನು, ಸೀಟು, ಬೆಲ್ಲು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದವು.

ಏಳೂಕಾಲಕ್ಕೆ ಬಾಗಿಲು ಗೇಣಗಲ ತೆರೆಯಿತು. ಊರುಗೋಲಿನ ತುದಿಯೊಂದು ಹೊಸ್ತಿಲಾಚೆ ಬಂದು ನೆಲವನ್ನು ತಡವಿತು. ಸೈಕಲ್ ಅಂಗಡಿಯವನು ತನ್ನ ಬೆಲ್ಲಿನ ಮೇಲೆ ಅಂಗೈ ಮುಚ್ಚಿ ಹಿಡಿದ.