ಗುಡುಗು ಮಾಸ್ತರರ ತಾಳ್ಮೆ

ಐವತ್ತು ದಾಟಿದ ಮೇಲೆ ಕಾರು ಕಲಿಯಲು ಹೊರಟವಳ ಕಾಲಿಗೆ ಹೊಲಿಗೆ ಯಂತ್ರದ ಚಟ ಇರಬಾರದು. ಹೊಲಿಗೆಯಮ್ಮನಿಗೆ ಇದ್ದದ್ದೇ ಅದು. ಪೆಡಲ್ ಸಿಕ್ಕಿತೋ, ಅವಳ ಪಾದ ತನ್ನಷ್ಟಕ್ಕೆ ಹಿಮ್ಮಡಿ ಒಮ್ಮೆ, ಬೆರಳು ಒಮ್ಮೆ ಎಂದು ತೂಗಲು ಶುರುಮಾಡುತ್ತಿತ್ತು. ಮದುವೆ ಗೌನಿನ ಅಂಚು ಹೊಲಿಯಲು ಅದು ಚೆಂದ. ಕಾರಿಗೆ ಮಾತ್ರ ಬಿಕ್ಕಳಿಕೆ ಹತ್ತಿದಂತಾಗುತ್ತಿತ್ತು.

ಅವಳಿಗೇನು ಕಾರಿನ ಹುಚ್ಚಿರಲಿಲ್ಲ. ಕಣ್ಣಿನ ಡಾಕ್ಟರು ಯಜಮಾನರಿಗೆ "ಇನ್ನು ಸ್ಟೀರಿಂಗ್ ಮುಟ್ಟಕೂಡದು" ಎಂದುಬಿಟ್ಟಿದ್ದರು. ಮನೆ ಮುಂದೆ ಕಾರು ಧೂಳು ತಿನ್ನುತ್ತ ನಿಂತಿತ್ತು. ಇತ್ತ ಇವಳು ಹೊಲಿದ ಗೌನುಗಳನ್ನು ಬಸ್ಸಿನಲ್ಲಿ ಹೊತ್ತು ಗಿರಾಕಿಗಳ ಮನೆ ಮುಟ್ಟಿಸುವಷ್ಟರಲ್ಲಿ ಇಸ್ತ್ರಿಯೆಲ್ಲ ಮಣ್ಣುಪಾಲು. ಒಂದು ದಿನ ದಪ್ಪನೆಯ ಪ್ರಯಾಣಿಕರೊಬ್ಬರು ಗೌನಿನ ಮೇಲೆ ಕೂತೇಬಿಟ್ಟರು, ಇಳಿಯುವ ತನಕ ಏಳಲಿಲ್ಲ. ಅವಳು ಅವತ್ತೇ ನೇರ ಡ್ರೈವಿಂಗ್ ಶಾಲೆಗೆ ಹೋಗಿ ಸೇರಿಕೊಂಡಳು.

ಅಲ್ಲಿ ಅವಳ ಪಾಲಿಗೆ ಬಂದವರು ಗುಡುಗು ಮಾಸ್ತರರು. ತೆಳ್ಳಗಿನ ಮೈ, ಅಚ್ಚುಕಟ್ಟಾದ ಗಡ್ಡ, ಸದಾ ಇಸ್ತ್ರಿ ಮಾಡಿದ ಶರ್ಟು. ಆ ಮೈಯೊಳಗೆ ಅಷ್ಟು ದೊಡ್ಡ ದನಿ ಎಲ್ಲಿ ಮಡಚಿಟ್ಟುಕೊಂಡಿದ್ದರೋ! "ಕ್ಲಚ್ಚು!" ಎಂದರೆ ಪಕ್ಕದ ಕಾರಿನವರೂ ಕ್ಲಚ್ಚು ಒತ್ತುತ್ತಿದ್ದರು. ಕಿಟಕಿ ಮುಚ್ಚಿದ್ದರೂ ರಸ್ತೆಯಲ್ಲಿ ಹೋಗುವವರಿಗೆ ಇದು ಯಾರ ಕಾರು ಅಂತ ಗೊತ್ತಾಗುತ್ತಿತ್ತು. ಮನುಷ್ಯ ಕೆಟ್ಟವರಲ್ಲ. ಪಾಠ ಮುಗಿದದ್ದೇ ದನಿ ಇಳಿಸಿ, "ಮನೇಲಿ ಎಲ್ಲಾ ಕ್ಷೇಮಾನಾ ಅಕ್ಕಾ?" ಎನ್ನುವರು. ಕಾರು ಹೊರಟರೆ ಮತ್ತೆ ಗುಡುಗು.

ಹೀಗಿರುವಾಗ ರಂಜಾನ್ ತಿಂಗಳು ಬಂತು.

ಹೊಲಿಗೆಯಮ್ಮ ಬುಧವಾರದ ಪ್ರಾರ್ಥನೆಯನ್ನು ತಪ್ಪಿಸಿದವಳಲ್ಲ. ಚರ್ಚಿನ ಹಿಂದಿನ ಕೋಣೆಯಲ್ಲಿ ನಾಲ್ಕಾರು ಹೆಂಗಸರು ಸೇರಿ, ಊರಿನ ಕಷ್ಟಸುಖವನ್ನೆಲ್ಲ ದೇವರ ಕಿವಿಗೆ ಹಾಕಿ, ಟೀ ಕುಡಿದು ಏಳುತ್ತಿದ್ದರು. ಅವರಲ್ಲಿ ಮುಂದಾಳು ಪಾದ್ರಿಗಳ ಹೆಂಡತಿ. ಎಲ್ಲರ ಬಾಯಲ್ಲಿ ಪಾದ್ರಿಯಮ್ಮ. ಅವರು ಆ ವಾರ, "ಮುಸಲ್ಮಾನರ ಉಪವಾಸದ ತಿಂಗಳು ಇದು. ನಾವೂ ಅವರಿಗಾಗಿ ಪ್ರಾರ್ಥಿಸೋಣ. ಆದ್ರೆ 'ಎಲ್ಲರನ್ನೂ ಕಾಪಾಡು ಸ್ವಾಮಿ' ಅಂತ ಸಗಟಾಗಿ ಬೇಡೋದು ಬೇಡ. ನಿಮಗೆ ಗುರುತಿರೋ ಒಬ್ಬೊಬ್ಬರನ್ನ ಹಿಡ್ಕೊಳ್ಳಿ" ಎಂದರು.

ಒಬ್ಬಾಕೆ ಔಷಧದಂಗಡಿಯವರನ್ನು ಹಿಡಿದುಕೊಂಡಳು. ಇನ್ನೊಬ್ಬಾಕೆ ಪಕ್ಕದ ಮನೆಯವಳನ್ನು. ಹೊಲಿಗೆಯಮ್ಮನ ಬಾಯಿಂದ ಬಂದದ್ದು, "ನನಗೆ ನಮ್ಮ ಡ್ರೈವಿಂಗ್ ಮಾಸ್ತರು."

"ಏನಂತ ಬೇಡ್ತೀಯಾ?" ಎಂದು ಕೂಗಿದ್ದು ಆರ್ಗನ್ ಅಜ್ಜಿ. ಚರ್ಚಿನಲ್ಲಿ ಆರ್ಗನ್ ನುಡಿಸಿ ನುಡಿಸಿ ಅವರ ಕಿವಿ ಮಂದ, ಹಾಗಾಗಿ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು. "ನಮ್ಮ ಕಡೆ ಬರಲಿ ಅಂತ ಬೇಡು! ಅದೇ ಸರಿ!"

ಹೊಲಿಗೆಯಮ್ಮ ಟೀ ಲೋಟ ಕೆಳಗಿಟ್ಟು, "ಅಜ್ಜಿ, ಅಳತೆ ತಗೊಳ್ಳದೆ ನಾನು ಯಾರಿಗೂ ಒಂದು ತೋಳೂ ಹೊಲಿದವಳಲ್ಲ. ಅವರಿಗೆ ಏನು ಬೇಕು ಅಂತ ಅವರನ್ನೇ ಕೇಳ್ತೀನಿ" ಎಂದಳು.

ಪಾದ್ರಿಯಮ್ಮ ನಕ್ಕು, "ಕೇಳಿ ಬಾ" ಎಂದರು.

ಮರುದಿನ ಪಾಠದಲ್ಲಿ ಕೇಳಿಯೇಬಿಟ್ಟಳು. "ಮಾಸ್ತರೇ, ಈಗ ನಿಮಗೆ ದೇವರಿಂದ ಏನಾದ್ರೂ ಬೇಕಿದ್ರೆ, ಏನು ಬೇಕು?"

"ನೀವು ಕ್ಲಚ್ಚು ಒತ್ತಬೇಕು!"

"ಅದಲ್ಲ. ನಿಜವಾಗಿ."

ಮಾಸ್ತರರು ಕಾರನ್ನು ಬದಿಗೆ ಹಾಕಿಸಿದರು. ಇವಳ ಮುಖ ನೋಡಿದರು, ತಮಾಷೆಯಲ್ಲ ಎಂದು ಖಾತ್ರಿ ಮಾಡಿಕೊಂಡರು. "ಹಸಿವು ತಡೀಬಹುದು ಅಕ್ಕಾ. ಬಾಯಾರಿಕೇನೂ ತಡೀಬಹುದು. ಆದ್ರೆ ಉಪವಾಸ ಅಂದ್ರೆ ಬರೀ ಹೊಟ್ಟೆದಲ್ಲ. ಸಿಟ್ಟು ಮಾಡಬಾರದು, ಯಾರ ಮೇಲೂ ಹರಿಹಾಯಬಾರದು. ನನ್ನ ಕೆಲಸಾನೇ ಹರಿಹಾಯೋದು! ಬೆಳಿಗ್ಗೆ ಬಾಯಿಗೆ ಬೀಗ ಹಾಕ್ಕೊಂಡೇ ಮನೆ ಬಿಡ್ತೀನಿ. ಮೊದಲನೇ ಶಿಷ್ಯ ರಿವರ್ಸ್ ಹಾಕಿದ ಅಂದ್ರೆ ಬೀಗ ಚೂರುಚೂರು." ಆಮೇಲೆ ಮೆಲ್ಲಗೆ ಸೇರಿಸಿದರು: "ತಾಳ್ಮೆ ಬೇಕು. ಅಷ್ಟೇ."

ಅಳತೆ ಸಿಕ್ಕಿತು. ಹೊಲಿಗೆಯಮ್ಮ ತಡಮಾಡಲಿಲ್ಲ. ಮುಂದಿನ ಕೆಂಪು ದೀಪದಲ್ಲಿ ಕಾರು ನಿಂತದ್ದೇ, ಕೈಮುಗಿದು ಕಣ್ಣು ಮುಚ್ಚಿಕೊಂಡಳು. ಪ್ರಾರ್ಥನೆ ಸೊಗಸಾಗಿ ಹರಿಯತೊಡಗಿತು. ದೀಪ ಹಸಿರಾದದ್ದು ತಿಳಿಯಲಿಲ್ಲ. ಹಿಂದೆ ಹಾರ್ನುಗಳ ಮೇಳ ಎದ್ದಿತು. ಬೆಚ್ಚಿಬಿದ್ದು "ಆಮೆನ್" ಎಂದು ಕ್ಲಚ್ಚಿನಿಂದ ಕಾಲು ಎತ್ತಿದಳು. ಕಾರು ಕಪ್ಪೆಯಂತೆ ಕುಪ್ಪಳಿಸಿ ಅಡ್ಡರಸ್ತೆಯ ನಡುವೆ ಉಸಿರು ನಿಲ್ಲಿಸಿತು.

"ಅಕ್ಕಾ!" ಮಾಸ್ತರರು ಎರಡೂ ಕೈ ತಲೆ ಮೇಲಿಟ್ಟುಕೊಂಡು ಗುಡುಗಿದರು. "ಕಣ್ಣು ತೆರೆದು ಬೇಡಿದ್ರೆ ನಿಮ್ಮ ದೇವರಿಗೆ ಕೇಳಿಸಲ್ವಾ?"

ಕೂಗಿದ ತಕ್ಷಣ ಅವರ ಮುಖ ಬಾಡಿತು. ಬೀಗ ಮತ್ತೆ ಒಡೆದಿತ್ತು.

ಬುಧವಾರ ಹೆಂಗಸರೆಲ್ಲ ಸೇರಿ ಮಾಸ್ತರರ ತಾಳ್ಮೆಗೆ ಟೊಂಕ ಕಟ್ಟಿ ನಿಂತರು. ಆರ್ಗನ್ ಅಜ್ಜಿ ಮೊದಲು ಮುಖ ಊದಿಸಿಕೊಂಡಿದ್ದರು. ಆಮೇಲೆ ಹೊಲಿಗೆಯಮ್ಮನ ಕಾರಿನ ಕಥೆ ಕೇಳಿ, "ಅಯ್ಯೋ ಪಾಪ, ಇವಳ ಪಕ್ಕ ಕೂರೋ ಮನುಷ್ಯನಿಗೆ ಮೊದಲು ಜೀವ ಉಳೀಲಿ!" ಎಂದು ಎಲ್ಲರಿಗಿಂತ ಜೋರಾಗಿ ಬೇಡಿದರು. ಅವರು ಬೇಡಿದರೆ ಸ್ವರ್ಗದ ಹಿಂದಿನ ಸಾಲಿನವರಿಗೂ ಕೇಳಿಸುವಂತಿತ್ತು.

ಕೇಳಿಸಿತೂ.

ಮುಂದಿನ ಪಾಠಕ್ಕೆ ಬಂದ ಮಾಸ್ತರರೇ ಬೇರೆ. ಹೊಲಿಗೆಯಮ್ಮ ತಪ್ಪು ಗೇರು ಹಾಕಿದಳು, ಗೇರುಪೆಟ್ಟಿಗೆ ಹಲ್ಲು ಕಡಿದ ಸದ್ದು ಬಂತು. "ಪರವಾಗಿಲ್ಲ ಅಕ್ಕಾ" ಎಂದರು, ರೇಷ್ಮೆಯಂಥ ದನಿಯಲ್ಲಿ. ಎಡಕ್ಕೆ ಎಂದರೆ ಬಲಕ್ಕೆ ಹೋದಳು. "ಪರವಾಗಿಲ್ಲ, ಆ ಕಡೆಗೂ ರಸ್ತೆ ಇದೆ." ಅವಳಿಗೆ ಹಿಗ್ಗೋ ಹಿಗ್ಗು. ಪ್ರಾರ್ಥನೆಯೆಂದರೆ ಹೀಗೆ ಫಲಿಸಬೇಕು!

ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಇಷ್ಟು ದಿನ ತಾನು ಓಡಿಸುತ್ತಿದ್ದದ್ದು ಕಣ್ಣಿನಿಂದಲ್ಲ, ಕಿವಿಯಿಂದ ಎಂಬುದು ಅವಳಿಗೆ ಅರಿವಾಗತೊಡಗಿತು. ಮಾಸ್ತರರು ಗೊಣಗಿದರೆ ಸಣ್ಣ ತಪ್ಪು, ಕೂಗಿದರೆ ದೊಡ್ಡದು, ಗುಡುಗಿದರೆ ಎದುರಿಗೆ ಬಸ್ಸು. ಈಗ ಎಲ್ಲದಕ್ಕೂ ಒಂದೇ "ಪರವಾಗಿಲ್ಲ". ಯಾವ ಪರವಾಗಿಲ್ಲ ಚಿಕ್ಕದು, ಯಾವುದು ಜೀವಕ್ಕೆ ಕುತ್ತು, ತಿಳಿಯುವುದು ಹೇಗೆ? ಏಕಮುಖ ರಸ್ತೆಯಲ್ಲಿ ಎದುರುಮುಖವಾಗಿ ನುಗ್ಗಿದಾಗಲೂ ಮಾಸ್ತರರು ಬೆವರು ಒರೆಸಿಕೊಂಡು, "ಪರವಾಗಿಲ್ಲ ಅಕ್ಕಾ, ಎದುರಿಗೆ ಬರೋರೆಲ್ಲ ಯಾಕೆ ಕೈ ಬೀಸ್ತಿದ್ದಾರೆ ಅಂತ ಒಂದು ಸಲ ಯೋಚನೆ ಮಾಡಿ" ಎಂದರು. ಇವಳು ಯೋಚನೆ ಮಾಡುವಷ್ಟರಲ್ಲಿ ಕ್ಷೌರದಂಗಡಿಯ ಕಸದ ಡಬ್ಬಿ ಬಾನೆಟ್ಟಿನ ಮುಂದೆ ಉರುಳುತ್ತಿತ್ತು. ಮಾಸ್ತರರ ಕಾಲ ಬುಡದಲ್ಲೂ ಒಂದು ಬ್ರೇಕ್ ಇದ್ದದ್ದಕ್ಕೆ ಕ್ಷೌರದಂಗಡಿ ಉಳಿಯಿತು. ಅರ್ಧ ಕ್ಷೌರವಾಗಿದ್ದ ಗಿರಾಕಿ ಬಾಗಿಲಿಗೆ ಬಂದು ನಿಂತು ನೋಡಿದ.

"ಪರವಾಗಿಲ್ಲ" ಎಂದರು ಮಾಸ್ತರರು. ತುಟಿ ನಡುಗುತ್ತಿತ್ತು.

ಬುಧವಾರ ಹೊಲಿಗೆಯಮ್ಮ ಟೀಗೂ ಕಾಯಲಿಲ್ಲ. "ಪಾದ್ರಿಯಮ್ಮಾ, ತಾಳ್ಮೆ ಜಾಸ್ತಿ ಆಗೋಯ್ತು. ಸ್ವಲ್ಪ ವಾಪಸ್ ತಗೊಳ್ಳಿ ಅಂತ ಬೇಡ್ಬೇಕು."

"ಕೊಟ್ಟಿದ್ದನ್ನ ವಾಪಸ್ ತಗೋ ಅಂತ ದೇವರಿಗೆ ಹೇಳೋದಾ!" ಪಾದ್ರಿಯಮ್ಮನ ಹುಬ್ಬು ಮೇಲೇರಿತು.

"ಉಪವಾಸ ಇರೋ ಮನುಷ್ಯನಿಗೆ ಸಿಟ್ಟು ಬರ್ಲಿ ಅಂತ ಕ್ರೈಸ್ತರು ಬೇಡಿದ್ರು ಅಂದ್ರೆ ಊರಲ್ಲಿ ನಮ್ಮ ಮಾನ ಏನಾಗತ್ತೆ?" ಎಂದು ಕೂಗಿದರು ಆರ್ಗನ್ ಅಜ್ಜಿ. ಊರಿಗೆ ಗೊತ್ತಾಗಲು ಅಷ್ಟು ಕೂಗೇ ಸಾಕಿತ್ತು.

"ಸಿಟ್ಟಲ್ಲ ಅಜ್ಜಿ, ದನಿ! ಬಟ್ಟೆ ಬಿಗಿಯಾದ್ರೆ ಹರಿದು ಹಾಕ್ತೀವಾ? ಹೊಲಿಗೆ ಬಿಚ್ಚಿ ಎರಡು ಬೆರಳು ಸಡಿಲ ಕೊಡ್ತೀವಿ. ಅಷ್ಟೇ ನಾನು ಕೇಳ್ತಿರೋದು. ಒಳಗೆ ತಾಳ್ಮೆ ಇರಲಿ, ಹೊರಗೆ ಎರಡು ಬೆರಳು ದನಿ."

ಚರ್ಚೆ ಟೀ ಆರುವ ತನಕ ನಡೆಯಿತು. ಕೊನೆಗೆ ಹೊಲಿಗೆಯಮ್ಮ ಕೇಳಿದಷ್ಟೇ, ಒಂದು ಕೂದಲೆಳೆಯೂ ಹೆಚ್ಚಿಲ್ಲದೆ, ಎಂಬ ಎಚ್ಚರಿಕೆಯೊಂದಿಗೆ ಬೇಡಿಕೆ ಮೇಲಕ್ಕೆ ಹೋಯಿತು.

ಅದಾದ ಒಂದೆರಡು ದಿನಕ್ಕೆ ಒಬ್ಬ ಮದುಮಗಳು ಅಳತೆ ನೋಡಲು ಬಂದವಳು ಕನ್ನಡಿ ಬಿಟ್ಟು ಕದಲಲೇ ಇಲ್ಲ. ಸೊಂಟ ಸಡಿಲ ಎಂದಳು, ಬಿಗಿ ಎಂದಳು, ಮತ್ತೆ ಸಡಿಲ ಎಂದಳು. ಹೊಲಿಗೆಯಮ್ಮ ಮಾಸ್ತರರಿಗೆ ಫೋನ್ ಮಾಡಿ, "ಪಾಠ ಸ್ವಲ್ಪ ತಡವಾಗಿ ಇಟ್ಕೊಳ್ಳೋಣವಾ?" ಎಂದಳು. ಹಳೆಯ ಮಾಸ್ತರರಾಗಿದ್ದರೆ ಫೋನೇ ಬಿಸಿಯಾಗುತ್ತಿತ್ತು. "ಪರವಾಗಿಲ್ಲ, ಬನ್ನಿ" ಎಂದರು. ಹಾಗಾಗಿ ಸಂಜೆ ಬಿಸಿಲು ಕೆಂಪಗಾಗುವ ಹೊತ್ತಿಗೆ ಇಬ್ಬರೂ ನದಿಯ ಸೇತುವೆ ಏರುತ್ತಿದ್ದರು. ಆಫೀಸು ಬಿಟ್ಟ ಹೊತ್ತು. ಮುಂದೆ ವಾಹನ, ಹಿಂದೆ ವಾಹನ. ಸರಿಯಾಗಿ ಏರಿನ ನಡುವೆ ಹೊಲಿಗೆಯಮ್ಮನ ಪಾದಕ್ಕೆ ಹೊಲಿಗೆ ಯಂತ್ರ ನೆನಪಾಯಿತು. ಕಾರು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು.

ಮುಂದಿನ ವಾಹನಗಳೆಲ್ಲ ಸಾಗಿಹೋದವು. ಹಿಂದೆ ನಿಂತದ್ದು ಒಂದು ಲಾರಿ. ಕನ್ನಡಿ ತುಂಬ ಲಾರಿಯ ಮೂತಿಯೇ.

ಮತ್ತೆ ಹೊರಡಿಸಿದಳು, ಮತ್ತೆ ನಿಂತಿತು. ಇನ್ನೊಂದು ಸಲ, ಅಷ್ಟೇ ಭಾಗ್ಯ. ಅಷ್ಟರಲ್ಲಿ ಮಾಸ್ತರರ ಫೋನು ಸಣ್ಣಗೆ ಗುನುಗಿತು. ಅವರು ನದಿಯ ಕಡೆ ನೋಡಿದರು. ಸೂರ್ಯ ಮುಳುಗಿದ್ದ.

"ನಿಮ್ಮ ಉಪವಾಸ ಬಿಡೋ ಹೊತ್ತಾ?" ಎಂದಳು ಹೊಲಿಗೆಯಮ್ಮ. "ಅಯ್ಯೋ ದೇವರೇ, ನನ್ನಿಂದ ನೀವು ಮನೆ ಮುಟ್ಟಲಿಲ್ಲ!"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಈಗ ನಾನು ಅತ್ತುಬಿಡ್ತೀನಿ! ಮೊದಲು ನೀರು ಕುಡೀರಿ."

ಹ್ಯಾಂಡ್‌ಬ್ರೇಕ್ ಎಳೆದು ಎಚ್ಚರಿಕೆ ದೀಪ ಹಾಕಿದಳು. ಮಾಸ್ತರರು ಸೀಟಿನ ಕೆಳಗಿನಿಂದ ನೀರಿನ ಬಾಟಲಿ, ಖರ್ಜೂರದ ಚಿಕ್ಕ ಡಬ್ಬಿ ತೆಗೆದರು. ಕಣ್ಣು ತಗ್ಗಿಸಿ ತುಟಿಯಲ್ಲೇ ಏನೋ ಹೇಳಿಕೊಂಡರು. ಪಕ್ಕದಲ್ಲಿ ಇವಳೂ ಮನಸ್ಸಿನಲ್ಲೇ ಅವರಿಗಾಗಿ ಬೇಡಿದಳು, ಈ ಸಲ ಕಣ್ಣು ಲಾರಿಯ ಮೇಲೇ ನೆಟ್ಟು. ಇಡೀ ಸೇತುವೆ ಹಾರ್ನು ಬಡಿಯುತ್ತಿತ್ತು. ಒಂದು ಖರ್ಜೂರ, ಒಂದು ಗುಟುಕು ನೀರು. ಮಾಸ್ತರರ ಮುಖಕ್ಕೆ ಬಂದ ನೆಮ್ಮದಿ ನೋಡಿ ಹೊಲಿಗೆಯಮ್ಮನಿಗೇ ಹೊಟ್ಟೆ ತಣ್ಣಗಾಯಿತು.

ಲಾರಿಯವನು ತೋಳು ಮಡಚಿಕೊಂಡು ಕಿಟಕಿಗೆ ಬಂದ. "ಏನ್ರೀ, ಸೇತುವೆ ಮೇಲೆ ಸಂಸಾರ ಹೂಡಿದ್ದೀರಾ?"

ಮಾಸ್ತರರು ಡಬ್ಬಿ ಚಾಚಿದರು. ಅವನು ಡಬ್ಬಿ ನೋಡಿದ, ಬಾಟಲಿ ನೋಡಿದ, ಆಕಾಶ ನೋಡಿದ. "ಓ... ಉಪವಾಸಾನಾ?" ಎಂದು ತಲೆ ಕೆರೆದುಕೊಂಡ. "ಮೊದಲೇ ಹೇಳಬಾರದಾ? ನಾನೂ ಮಧ್ಯಾಹ್ನದಿಂದ ಏನೂ ತಿಂದಿಲ್ಲ, ಆದ್ರೆ ನನ್ನದು ಬರೀ ಸೋಮಾರಿತನ." ಎರಡು ಖರ್ಜೂರ ಬಾಯಿಗೆ ಹಾಕಿಕೊಂಡು ಹಿಂದಿನವರ ಕಡೆ ತಿರುಗಿ, "ಹಾರ್ನ್ ಹೊಡೀಬೇಡ್ರೋ! ಊಟ ನಡೀತಿದೆ!" ಎಂದು ಗದರಿಕೊಂಡು ಹೋದ.

"ಈಗ ಹೊರಡೋಣ ಅಕ್ಕಾ" ಎಂದರು ಮಾಸ್ತರರು.

ಹೊಲಿಗೆಯಮ್ಮ ಹ್ಯಾಂಡ್‌ಬ್ರೇಕ್ ಇಳಿಸಿದಳು. ಪಾದ ತೂಗಿತು. ಕಾರು ಮುಂದಕ್ಕೆ ಹೋಗುವ ಬದಲು ಲಾರಿಯತ್ತ ಹಿಂದಕ್ಕೆ ಜಾರಿತು.

"ಹಿಮ್ಮಡಿ ಊರಿ!!!"

ಸೇತುವೆಯ ಮೇಲಿದ್ದ ಹಕ್ಕಿಗಳು ಎದ್ದುಹೋದವು. ಹೊಲಿಗೆಯಮ್ಮನ ಹಿಮ್ಮಡಿ ನೆಲಕ್ಕೆ ಮೊಳೆ ಹೊಡೆದಂತೆ ಕೂತಿತು. ಬೆರಳು ಮಾತ್ರ ಮೆಲ್ಲಗೆ ಒತ್ತಿತು, ಇನ್ನೊಂದು ಕಾಲು ಮೆಲ್ಲಗೆ ಎದ್ದಿತು. ಕಾರು ಒಂದು ಬಿಕ್ಕೂ ಇಲ್ಲದೆ, ಬೆಣ್ಣೆಯ ಮೇಲೆ ಚಾಕು ಹೋದಂತೆ ಏರು ಹತ್ತಿತು. ಹಿಂದಿನಿಂದ ಲಾರಿಯವನು ಖುಷಿಗೆ ಹಾರ್ನು ಬಾರಿಸಿದ.

"ಬಂತು! ಬಂತು ಮಾಸ್ತರೇ!"

ಮಾಸ್ತರರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದರು. "ಕೂಗಿಬಿಟ್ಟೆ."

"ಇವತ್ತಿನ ಉಪವಾಸ ಮುಗೀತಲ್ಲ?"

"ಮುಗೀತು. ಆದ್ರೂ..."

"ಸಿಟ್ಟು ಬಂದಿತ್ತಾ?"

ಮಾಸ್ತರರು ಯೋಚಿಸಿದರು. "ಇಲ್ಲ ಅಕ್ಕಾ. ಆಶ್ಚರ್ಯ! ಸಿಟ್ಟಿರಲಿಲ್ಲ. ದನಿ ಮಾತ್ರ ಹೊರಗೆ ಬಂತು."

ಹೊಲಿಗೆಯಮ್ಮ ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಎಲ್ಲವನ್ನೂ ಬಿಚ್ಚಿದಳು: ಹಿಂದಿನ ಕೋಣೆ, ತಾಳ್ಮೆಯ ಬೇಡಿಕೆ, ಆಮೇಲಿನ ಎರಡು ಬೆರಳು. "ನಾನು ನನ್ನ ಧರ್ಮ ಬಿಡಲಿ ಅಂತ ಬೇಡಿದ್ರಾ?" ಎಂದರು ಮಾಸ್ತರರು.

ಅವಳು ಸುಳ್ಳು ಹೇಳಲಿಲ್ಲ. "ಹಾಗೆ ಬೇಡೋಣ ಅಂದೋರೂ ಒಬ್ಬರಿದ್ರು. ನೀವು ಕೊಟ್ಟ ಅಳತೆ ಅದಲ್ಲ ಅಂತ ನಾನು ಒಪ್ಪಲಿಲ್ಲ. ಈಗ ಅವರೂ ನಿಮ್ಮ ತಾಳ್ಮೆಗೇ ಬೇಡ್ತಿದ್ದಾರೆ, ಎಲ್ಲರಿಗಿಂತ ಜೋರಾಗಿ."

ಮಾಸ್ತರರು ಕಿಟಕಿಯ ಕಡೆ ತಿರುಗಿದರು. ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. "ಇಷ್ಟು ಜನ ಹೆಂಗಸರು ನನ್ನ ಹೆಸರು ಹಿಡಿದು..." ಎಂದು ಅರ್ಧಕ್ಕೆ ನಿಲ್ಲಿಸಿ, "ಎಡಕ್ಕೆ ತಿರುಗಿಸಿ. ಎಡಕ್ಕೆ ಅಂದೆ!" ಎಂದರು.

ಅವರ ಮನೆ ಬಾಗಿಲಲ್ಲಿ ಹೆಂಡತಿ ಕಾದು ನಿಂತಿದ್ದರು. ತಡವಾದದ್ದು ಯಾಕೆ, ಹೇಗೆ ಎಂಬ ಕಥೆಯನ್ನೆಲ್ಲ ಕಿಟಕಿಗೆ ಬಗ್ಗಿ ಕೇಳಿಸಿಕೊಂಡರು. ನಡುನಡುವೆ ಗಂಡನ ಕಡೆ ಒಂದು ನೋಟ.

"ತಾಳ್ಮೆಯಂತೆ ತಾಳ್ಮೆ! ಈಗ ಗೊತ್ತಾಯ್ತು ನನಗೆ" ಎಂದರು. "ಅಕ್ಕಾ, ಇವರು ದಿನವಿಡೀ ಕಾರಲ್ಲಿ ನುಂಗಿಕೊಂಡ ದನಿಯೆಲ್ಲ ಎಲ್ಲಿಗೆ ಬರ್ತಿತ್ತು ಗೊತ್ತಾ? ಇಲ್ಲಿಗೆ! ನಿನ್ನೆ ಉಪ್ಪಿನ ಡಬ್ಬಿ ಜಾಗ ಬದಲಾಗಿದೆ ಅಂತ ಗುಡುಗಿದ್ದಕ್ಕೆ ಮೇಲಿನ ಮನೆಯವರು ಇಳಿದು ಬಂದ್ರು. ನೀವು ಬೇಡುವಾಗ ಬರೀ ಕಾರಿಗೆ ಮಾತ್ರ ಬೇಡಿದ್ರಾ? ಮನೆಗೂ ಸೇರಿಸಬಾರದಿತ್ತಾ?"

"ನೀನು ಸುಮ್ನಿರು" ಎಂದರು ಮಾಸ್ತರರು, ಸಾಕಷ್ಟು ಮೆಲ್ಲಗೆ.

"ಎಷ್ಟು ಅಳತೆ ಬೇಕು ಹೇಳಿ, ಬುಧವಾರ ಸೇರಿಸ್ತೀನಿ" ಎಂದಳು ಹೊಲಿಗೆಯಮ್ಮ.

"ಬುಧವಾರ ಎಷ್ಟು ಹೊತ್ತಿಗೆ? ನಾನೇ ಬಂದು ಹೇಳ್ತೀನಿ. ನೀವು ಹೇಳಿದ್ರೆ ಕಡಿಮೆ ಮಾಡಿ ಹೇಳ್ತೀರಿ."

ಮಾಸ್ತರರ ಹೆಂಡತಿ ಹೇಳಿದಂತೆ ಬಂದರು. ಹಿಂದಿನ ಕೋಣೆಯ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತು, ತಾವು ಟೀ ಮುಟ್ಟದೆ, ಮೂವತ್ತು ವರ್ಷದ ಸಂಸಾರದ ಅಹವಾಲನ್ನು ಒಂದೊಂದಾಗಿ ಬಿಚ್ಚಿಟ್ಟರು. ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವರ ಉಪವಾಸ ನೋಡಿ ಯಾರೂ ಟೀ ಕುಡಿಯಲಿಲ್ಲ. ಕೆಟಲು ತುಂಬಿದ್ದು ತುಂಬಿದಂತೆಯೇ ಆರಿತು. ಆರ್ಗನ್ ಅಜ್ಜಿಗೆ ಅರ್ಧ ಕೇಳಿಸಲಿಲ್ಲ. ಆದರೂ ಅವರು ಮಾಸ್ತರರ ಹೆಂಡತಿಯ ಪಕ್ಕಕ್ಕೇ ಕುರ್ಚಿ ಸರಿಸಿಕೊಂಡು, ಅವರ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, "ಗಂಡಸರು ಎಲ್ಲಾ ಕಡೆನೂ ಒಂದೇ ಕಣಮ್ಮಾ!" ಎಂದು ಕೂಗಿ ಸಮಾಧಾನ ಹೇಳಿದರು.

ರಂಜಾನ್ ಮುಗಿದ ಮೇಲೆ ಹೊಲಿಗೆಯಮ್ಮ ಪರೀಕ್ಷೆಗೆ ಹೋದಳು. ಮೊದಲ ಸಲ ಫೇಲಾದಳು. ಇನ್‌ಸ್ಪೆಕ್ಟರು ತೀರಾ ಮೆತ್ತಗೆ ಮಾತಾಡುವ ಮನುಷ್ಯ. ಎರಡನೇ ಸಲ ಪಾಸಾದಳು. ಮದುಮಗಳ ಗೌನು ಹಿಂದಿನ ಸೀಟಿನಲ್ಲಿ ಒಂದು ಸುಕ್ಕೂ ಇಲ್ಲದೆ, ಮಹಾರಾಣಿಯಂತೆ ಅಂಗಾತ ಮಲಗಿ, ಮದುವೆ ಮನೆಗೆ ಹೋಗಿ ಇಳಿಯಿತು.