ಫೈನಲ್‌ಗೆಂದು ಉಳಿಸಿದ ಕರೆಂಟು

"ಎಷ್ಟು ಒತ್ತಿದ್ರೂ ಹೋಗಲ್ಲ ಮಗಳೇ. ನಿಮ್ಮ ಮಲೇಷ್ಯಾದ ಪ್ಲಗ್ಗಿಗೆ ಮೂರು ಕಾಲು, ನಮ್ಮಲ್ಲಿರೋದು ಎರಡೇ ತೂತು," ಎಂದ ಪಡನ್.

ರುರಾನ್ ರೆಕಾರ್ಡರಿನ ಪ್ಲಗ್ಗನ್ನು ಹಿಡಿದುಕೊಂಡೇ ನಿಂತಳು. ಗುಡ್ಡದಾಚೆಯ ಸರವಾಕಿನಿಂದ ಗಡಿ ದಾಟಿ ಇಂಡೋನೇಷ್ಯಾದ ಕ್ರಾಯನ್‌ಗೆ, ಅಮ್ಮನ ತವರಿಗೆ ಬಂದವಳು ಅವಳು. ಅಲ್ಲಿ ಹಾಸಿಗೆ ಹಿಡಿದಿದ್ದ ಅಮ್ಮ ಯಾಮು ರೆಕಾರ್ಡ್ ಮಾಡಿ ತಾ ಎಂದು ಬೇಡಿದ್ದು ತನ್ನ ಅಕ್ಕನ ದನಿಯನ್ನು ಮಾತ್ರ. ಆ ಅಕ್ಕ, ದೊಡ್ಡಮ್ಮ ಬುಲಾನ್‌ಗೆ ಗಂಟಲಲ್ಲಿ ಗಡ್ಡೆ. ಬೆಳಗಾದರೆ ಸಣ್ಣ ವಿಮಾನದಲ್ಲಿ ತಾರಾಕಾನ್ ಆಸ್ಪತ್ರೆಗೆ ಹೊರಡಬೇಕು. ಆಪರೇಷನ್ ಆದಮೇಲೆ ದನಿ ಉಳಿಯುತ್ತದೆಂದು ಡಾಕ್ಟರು ಹೇಳಿರಲಿಲ್ಲ.

ರೆಕಾರ್ಡರ್ ದಾರಿಯಲ್ಲೇ ಖಾಲಿಯಾಗಿತ್ತು. ಬಿಡದೆ ಮೋಡ ಕವಿದು ಊರಿನ ಸೋಲಾರ್ ಕೈಕೊಟ್ಟಿತ್ತು. ಎಲ್ಲರ ಫೋನುಗಳೂ ಸತ್ತಿದ್ದವು. ಪಡನ್ ಮಾತ್ರ ಇನ್ವರ್ಟರಿಗೆ ಕಟ್ಟಿದ ಹಳೆಯ ಲಾರಿ ಬ್ಯಾಟರಿಯೊಂದರಲ್ಲಿ ಒಂದಿಷ್ಟು ಕರೆಂಟು ಉಳಿಸಿಕೊಂಡಿದ್ದ, ಆ ಮಧ್ಯಾಹ್ನದ ಬ್ಯಾಡ್ಮಿಂಟನ್ ಫೈನಲ್‌ಗೆಂದು. ಇಂಡೋನೇಷ್ಯಾಕ್ಕೂ ಮಲೇಷ್ಯಾಕ್ಕೂ ಆಟ. ಅರ್ಧ ಊರು ಅವನ ಮನೆಯ ಚಾಪೆಯ ಮೇಲೆ ಕೂತಿತ್ತು.

ಪಡನ್ ಟಿವಿಯತ್ತ ನೋಡಿದ, ಬ್ಯಾಟರಿಯತ್ತ ನೋಡಿದ. "ಎರಡಕ್ಕೂ ಸಾಲಲ್ಲ ಇದು," ಎಂದು ಟಿವಿಯ ವಯರನ್ನು ಕಿತ್ತ. ತನ್ನ ಫೋನಿನ ಚಾರ್ಜರ್ ತಂದು ಚುಚ್ಚಿ, ರೆಕಾರ್ಡರಿನ ವಯರನ್ನು ಅದಕ್ಕೆ ಸಿಕ್ಕಿಸಿದ. ಕೆಂಪು ದೀಪ ಹತ್ತಿತು.

"ಸೋಲ್ತೀವಿ ಅಂತ ಗೊತ್ತಾಗಿ ಕರೆಂಟೇ ತೆಗೆಸಿದ್ಳು ನೋಡ್ರೇ ಈ ಮಲೇಷ್ಯಾದವಳು," ಎಂದಳು ಪಡನ್‌ನ ಹೆಂಡತಿ ಸಿಗಾರ್. ಚಾಪೆಯ ಮೇಲಿದ್ದವರೆಲ್ಲ ನಕ್ಕರು. ಒಬ್ಬರೂ ಎದ್ದು ಹೋಗಲಿಲ್ಲ.

"ನಿಮ್ಮ ಋಣ ಹೇಗೆ ತೀರಿಸ್ಲಿ ಮಾವ," ಎಂದಳು ರುರಾನ್.

"ತೀರಿಸೋದೇನು ಬಂತು? ನಿಮ್ಮಮ್ಮನೂ ನಾನೂ ಒಂದೇ ಗದ್ದೇಲಿ ಕೆಸರು ಎರಚಾಡಿ ಬೆಳೆದೋರು. ಹೋಗಿ ದೊಡ್ಡಮ್ಮನ್ನ ಕರ್ಕೊಂಡು ಬಾ."

ಬುಲಾನ್ ಬಂದು ಕೂತಳು. ರುರಾನ್ ರೆಕಾರ್ಡಿಂಗ್ ಶುರು ಮಾಡಿದಳು. ಯಾರೋ ನಾಯಿಗಳನ್ನು ಅಟ್ಟಿದರು. ಅಳುತ್ತಿದ್ದ ಮಗುವನ್ನು ಸಿಗಾರ್ ಹಿತ್ತಲಿಗೆ ಎತ್ತಿಕೊಂಡು ಹೋದಳು. ಅಕ್ಕತಂಗಿ ಸಣ್ಣವರಿದ್ದಾಗ ನಾಟಿ ಹಾಕುತ್ತ ಹಾಡುತ್ತಿದ್ದ ಹಾಡನ್ನು ಬುಲಾನ್ ಒಡಕು ದನಿಯಲ್ಲಿ ಎತ್ತಿದಳು. ನಡುವೆ ಉಸಿರು ಸಾಲದೆ ನಿಂತಾಗ, ಮ್ಯಾಚಿಗೆಂದು ಬಂದಿದ್ದ ಹೆಂಗಸರು ಮೆಲ್ಲಗೆ ರಾಗ ಹಿಡಿದು, ಅವಳು ಸುಧಾರಿಸಿಕೊಂಡ ಮೇಲೆ ಬಿಟ್ಟುಕೊಟ್ಟರು. ರುರಾನ್ ಅವರೆಲ್ಲರ ಮುಖ ನೋಡಿದಳು.

ಹಾಡು ಮುಗಿಸಿ ಬುಲಾನ್ ರೆಕಾರ್ಡರಿನತ್ತ ಬಾಗಿದಳು.

"ಯಾಮು, ಊಟ ಆಯ್ತೇನೇ?"

ಆಮೇಲೆ ಕಿವಿಯನ್ನು ಅದರ ಹತ್ತಿರ ತಂದು, ತಂಗಿಯ ಉತ್ತರಕ್ಕೆಂಬಂತೆ ಕಾದಳು. ರುರಾನ್ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಮನೆ ತುಂಬ ಜನ, ಯಾರೂ ಕೆಮ್ಮಲೂ ಇಲ್ಲ.