ಹನ್ನೆರಡು ಸೀಸೆಗಳ ಬಿಳಿನೊಣ

ಶೆರಾಬಾದಿನ ಹತ್ತಿ ಹೊಲದ್ದೆಂದು ಚೀಟಿ ಅಂಟಿಸಿದ್ದ ಸೀಸೆಯೊಳಗೆ ಸೌತೆ ಎಲೆಯ ಚೂರಿತ್ತು.

ಜುಲ್ಹುಮೋರ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಉಜ್ಜಿಕೊಂಡು, ಮತ್ತೆ ನೋಡಿದಳು. ಹತ್ತಿ ಎಲೆಯ ರೋಮ ನಕ್ಷತ್ರದ ಹಾಗೆ ಕವಲೊಡೆದಿರುತ್ತದೆ. ಇದು ಒಂಟಿ ಮುಳ್ಳು, ಗಡಸು. ತೆರ್ಮೆಜ್ ಪಟ್ಟಣದ ಹತ್ತಿರದ ಆ ಸಣ್ಣ ಸಂಶೋಧನಾ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಬಿಳಿನೊಣವನ್ನೇ ನೋಡುತ್ತ ಬಂದವಳಿಗೆ ಎಲೆಯ ಗುರುತು ತಪ್ಪುವುದುಂಟೆ? ಹನ್ನೆರಡು ಊರುಗಳ ಹನ್ನೆರಡು ಸೀಸೆಗಳನ್ನೂ ಬಗ್ಗಿಸಿ ನೋಡಿದಳು. ಎಲ್ಲದರಲ್ಲೂ ಸೌತೆ.

ಸೀಸೆ ತುಂಬಿಕೊಂಡು ಬಂದಿದ್ದ ಕೇಂದ್ರದ ಸಹಾಯಕ ಎಶ್‌ಮುರೋದ್ ಹಿತ್ತಲಿನ ಮಲ್ಬೆರಿ ನೆರಳಲ್ಲಿ ಕೂತು ಕರಬೂಜ ತಿನ್ನುತ್ತಿದ್ದ. ರಸ ಗಲ್ಲದಿಂದ ಇಳಿದು ಅಂಗಿಯ ಕಾಲರಿಗೆ ಹತ್ತಿತ್ತು.

"ಎಶ್‌ಮುರೋದ್ ಅಣ್ಣಾ, ನೀವು ಶೆರಾಬಾದಿಗೆ ಹೋಗಿದ್ರಾ?"

"ಈ ಬಿಸಿಲಲ್ಲಾ? ನಿಂಗೆ ತಲೆ ಕೆಟ್ಟಿದೆಯೇನಮ್ಮ! ನಮ್ಮ ತಮ್ಮನ ಸೌತೆ ಹಸಿರುಮನೆ ಇಲ್ಲೇ ಪಕ್ಕದಲ್ಲಿದೆ, ಫ್ಯಾನೂ ಇದೆ. ನೊಣ ಬೇಕಿತ್ತು ತಾನೆ? ತಂದ್ಕೊಟ್ಟೆ."

"ಹನ್ನೆರಡು ಊರಿನ ಹೆಸರು ಬರೆದಿದೀರಲ್ಲ."

"ನೊಣ ನೊಣಾನೇ. ಶೆರಾಬಾದ್ ನೊಣಕ್ಕೆ ಬೇರೆ ಪಾಸ್‌ಪೋರ್ಟ್ ಕೊಡ್ತಾರಾ?" ಅವನು ತನ್ನ ಮಾತಿಗೆ ತಾನೇ ನಕ್ಕು, ಬೀಜ ಉಗುಳಿದ. "ಹೋದ ವರ್ಷಾನೂ ಹೀಗೇ ಮಾಡಿದ್ದು. ಆಗ ನೀನೇನೂ ಕೇಳ್ಲಿಲ್ವಲ್ಲ?"

ಹೋದ ವರ್ಷ ನೊಣಗಳ ಡಿಎನ್‌ಎ ಪರೀಕ್ಷಿಸಿ ವಂಶದ ಗುರುತು ತೆಗೆದವಳು ಅವಳೇ. ಹನ್ನೆರಡು ಊರಿಗೂ ಒಂದೇ ಗೆರೆ ಮೂಡಿದಾಗ, ಕೆಲಸ ಚೊಕ್ಕಟವಾಗಿ ಮುಗಿಯಿತೆಂದು ಖುಷಿಪಟ್ಟಿದ್ದಳು. ಎಲೆಯ ಕಡೆ ಕಣ್ಣೂ ಹಾಯಿಸಿರಲಿಲ್ಲ. ಅದನ್ನೇ ನಂಬಿ ಕೇಂದ್ರದವರು, ಹನ್ನೆರಡೂ ಊರಿರುವ ಕಣಿವೆಗೆಲ್ಲ ಒಂದೇ ತಳಿಯ ನೊಣ, ಒಂದೇ ಔಷಧಿ ಸಾಕು ಎಂದು ಕರಪತ್ರ ಹಂಚಿದ್ದರು. ಅದರಲ್ಲಿ ಎರಡನೆಯ ಹೆಸರು ಅವಳದು.

ಮರುದಿನ ಬೆಳಿಗ್ಗೆ ಷೇರ್ ಟ್ಯಾಕ್ಸಿ ಹತ್ತಿ ತಾನೇ ಶೆರಾಬಾದಿಗೆ ಹೋದಳು. ಊರ ಅಂಚಿನಲ್ಲಿ ಓಯ್ನಿಸೋ ಎಂಬ ವಿಧವೆಯ ಟೊಮ್ಯಾಟೊ ಹಸಿರುಮನೆ ಇತ್ತು. ಬಾಗಿಲಿನ ಪ್ಲಾಸ್ಟಿಕ್ ಸರಿಸಿದ್ದೇ ತಡ, ಬೂದಿ ಎರಚಿದ ಹಾಗೆ ನೊಣ ಎದ್ದವು. ಮೂಗಿಗೆ, ಬಾಯಿಗೆ, ರೆಪ್ಪೆಯ ಸಂದಿಗೆ ನುಗ್ಗಿದವು. ಎಲೆ ಮುಟ್ಟಿದರೆ ಬೆರಳಿಗೆ ಅಂಟು. ಜೇನಿನಂತೆ ಹೊಳೆಯುವ ಆ ಅಂಟು ನೊಣದ ಹೇಲು. ಅದರ ಮೇಲೆ ಕರಿ ಬೂಷ್ಟು ಹಬ್ಬಿ, ಹಣ್ಣುಗಳು ಮಸಿಗಡಿಗೆಯ ತಳದಂತಾಗಿದ್ದವು. ನೆಲದಲ್ಲಿ ಮಾತ್ರ ಜೇಡ, ಕಣಜ, ಗುಲಗಂಜಿ ಹುಳ ಸತ್ತು ಒಣಗಿದ್ದವು. ನೊಣವನ್ನು ತಿನ್ನುವವೆಲ್ಲ ಸತ್ತಿದ್ದವು, ನೊಣವೊಂದು ಬದುಕಿತ್ತು.

"ನಿಮ್ಮ ಕಾಗದ ಹೇಳಿದ ಔಷಧಿನೇ," ಎಂದಳು ಓಯ್ನಿಸೋ. "ಒಂಬತ್ತು ಸಲ ಹೊಡ್ದೆ. ನಂಗೆ ಕೆಮ್ಮು ಬಂತು. ಅವು ಮಾತ್ರ ಮದುವೆ ಮನೆಗೆ ಬಂದೋರ ಹಾಗೆ ತಿಂದ್ಕೊಂಡು ಕೂತಿವೆ."

ಅವಳು ಹಸಿರು ಚಹಾ ಬಗ್ಗಿಸಿ ಕೊಟ್ಟಳು. ಪಿಂಗಾಣಿ ಬಟ್ಟಲಿನಲ್ಲಿ ನಾಲ್ಕು ನೊಣ ತೇಲುತ್ತಿದ್ದವು. ಅತಿಥಿಯಾದವಳು ಬೇಡವೆನ್ನುವಂತಿಲ್ಲ. ಜುಲ್ಹುಮೋರ್ ಕಣ್ಣು ಮುಚ್ಚಿ ಕುಡಿದಳು.

ಅಲ್ಲಿಂದ ಹಿಡಿದು ತಂದ ನೊಣಗಳನ್ನು ಅದೇ ಔಷಧಿಯಲ್ಲಿ ಅದ್ದಿದ ಎಲೆಯ ಮೇಲೆ ಬಿಟ್ಟಳು. ಮೂವತ್ತರಲ್ಲಿ ಇಪ್ಪತ್ತಾರು ಬದುಕಿದವು. ವಂಶದ ಗೆರೆಯಲ್ಲಿ ಉತ್ತರ ಸಿಕ್ಕಿತು: ಕಣ್ಣಿಗೆ ಒಂದೇ, ಒಳಗೆ ಎರಡು ತಳಿ. ಔಷಧಿ ಒಂದು ತಳಿಯನ್ನು ಕೊಂದು, ಅದಕ್ಕೆ ಜಗ್ಗದ ಇನ್ನೊಂದಕ್ಕೆ ಇಡೀ ಹಸಿರುಮನೆಯನ್ನು ಬಿಟ್ಟುಕೊಟ್ಟಿತ್ತು.

ನಿರ್ದೇಶಕರು ಫಲಿತಾಂಶ ಓದಿ ಕನ್ನಡಕ ತೆಗೆದರು.

"ಕರಪತ್ರ ಮೂರು ಸಾವಿರ ಮನೆಗೆ ಹೋಗಿದೆ ಕಣಮ್ಮ. ವಾಪಸ್ ತಗೊಂಡ್ರೆ ನಮ್ಮ ಮುಖಕ್ಕೆ ಉಗೀತಾರೆ. 'ಈ ವರ್ಷ ಹೊಸದಾಗಿ ಬಂದ ತಳಿ' ಅಂತ ಬರಿ. ಯಾರಿಗೂ ನೋವಿಲ್ಲ."

"ಆ ತಳಿ ಹೋದ ವರ್ಷ ಇರ್ಲಿಲ್ಲ ಅಂತ ಯಾರು ನೋಡಿದ್ದು ಸಾರ್? ಅಲ್ಲಿಗೆ ಯಾರೂ ಹೋಗೇ ಇಲ್ಲ."

"ಬರಿ ಅಂದ್ರೆ ಬರಿ."

ಬಾಗಿಲ ಬಳಿ ನಿಂತಿದ್ದ ಎಶ್‌ಮುರೋದ್ ಹಲ್ಲು ಕಿರಿದ. ಆ ಕೋಣೆಯ ಗಾಳಿಯೇ ಅಂಟಂಟಾಗಿದೆ ಎನಿಸಿತು ಅವಳಿಗೆ. ಬರೆಯಲಿಲ್ಲ. ಸಹಿ ಹಾಕಲಿಲ್ಲ. ಒಂದು ವಾರದಲ್ಲಿ ಅವಳನ್ನು ಬೀಜದ ಗೋದಾಮಿಗೆ ಹಾಕಿದರು.

ಆ ಭಾನುವಾರ ಮತ್ತೆ ಶೆರಾಬಾದಿಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಓಯ್ನಿಸೋ ಅಕ್ಕಾ, ತಪ್ಪು ಸೀಸೆ ತುಂಬಿದೋನೊಬ್ಬಂದಲ್ಲ. ಎಲೆ ನೋಡ್ಬೇಕಾಗಿದ್ದೋಳು ನಾನು. ನೋಡ್ಲಿಲ್ಲ."

ಓಯ್ನಿಸೋ ಪಕ್ಕಕ್ಕೆ ತಿರುಗಿ ಉಗುಳಿದಳು. "ಓದಿದೋರ ಕೈಯೂ ಇಷ್ಟು ಗಲೀಜಾ! ನಾನು ನಿನ್ನ ಕಾಗದಾನ ರೊಟ್ಟಿ ಇಡೋ ಗೂಡಲ್ಲಿ, ರೊಟ್ಟಿಯಷ್ಟೇ ಮರ್ಯಾದೆ ಕೊಟ್ಟು ಇಟ್ಕೊಂಡಿದ್ದೆ, ಗೊತ್ತಾ?"

ಜುಲ್ಹುಮೋರ್ ತಲೆ ತಗ್ಗಿಸಿ ನಿಂತಳು.

"ನಿಂತ್ರೆ ಏನ್ ಬಂತು? ಈಗ ಏನ್ ಮಾಡ್ಬೇಕು, ಅದನ್ ಹೇಳು."

ಇಬ್ಬರೂ ಸೇರಿ ಗಿಡಗಳನ್ನೆಲ್ಲ ಕಿತ್ತು ಚೀಲಕ್ಕೆ ತುರುಕಿ ಬಾಯಿ ಕಟ್ಟಿದರು. ಮೊಣಕೈತನಕ ಕರಿ ಅಂಟು ಮೆತ್ತಿತು. ಹಸಿರುಮನೆಯ ಸಂದುಗೊಂದೆಲ್ಲ ಮುಚ್ಚಿ, ಜುಲೈ ಬಿಸಿಲಿಗೆ ಮೂರು ವಾರ ಬೇಯಲು ಬಿಟ್ಟರು. ಆಮೇಲೆ ಕಿಂಡಿಗಳಿಗೆ ಸಣ್ಣ ಕಣ್ಣಿನ ಬಲೆ, ಸಾಲಿಗೊಂದು ಹಳದಿ ಅಂಟುಹಲಗೆ, ನೊಣದ ಮರಿಯೊಳಗೆ ಮೊಟ್ಟೆಯಿಡುವ ಕಣಜ. ಔಷಧಿ ಬೇಕೇ ಬೇಕಾದರೆ ಸಲಕ್ಕೊಂದು ಬಗೆ, ಅದೂ ಕಣಜಕ್ಕೆ ತಾಗದಂಥದ್ದು.

ಶರತ್ಕಾಲದ ಬೆಳೆಗೂ ನೊಣ ಬಂತು, ಆದರೆ ಎಣಿಸಬಹುದಾದಷ್ಟು. ಅಕ್ಕಪಕ್ಕದವರು ಹಳೆಯ ಔಷಧಿಯನ್ನೇ ಹೊಡೆಯುತ್ತಿದ್ದರು. ಗಾಳಿ ಬೀಸಿದ ದಿನ ಅವರ ಹಸಿರುಮನೆಗಳಿಂದ ಬಿಳಿ ಹೊಗೆಯಂತೆ ನೊಣ ತೇಲಿ ಬರುತ್ತಿತ್ತು. ಓಯ್ನಿಸೋ ಮನೆಮನೆಗೆ ಹೋಗಿ ಜಗಳ ಕಾದು ಐದು ಮನೆಯವರನ್ನು ಒಪ್ಪಿಸಿದಳು. ಉಳಿದವರು, "ಕೇಂದ್ರದವರೇ ಅಚ್ಚು ಹಾಕಿದಾರೆ, ನೀನ್ಯಾವ ದೊಡ್ಡ ಪಂಡಿತೆ?" ಎಂದರು. ಕೇಂದ್ರ ಅದೇ ಕರಪತ್ರವನ್ನು ಮರುಮುದ್ರಿಸಿತು, ಎರಡನೆಯ ಹೆಸರನ್ನು ಮಾತ್ರ ಕೈಬಿಟ್ಟು.

ಅಕ್ಟೋಬರಿನಲ್ಲಿ ಓಯ್ನಿಸೋ ಒಂದು ಬುಟ್ಟಿ ಟೊಮ್ಯಾಟೊ ಕಳಿಸಿದಳು. ಕೆಂಪಾಗಿ, ನುಣ್ಣಗೆ, ಚೊಕ್ಕವಾಗಿದ್ದವು. ಜುಲ್ಹುಮೋರ್ ಒಂದನ್ನು ಮೂರು ಸಲ ತೊಳೆದಳು, ಕೊಯ್ದು ಉಪ್ಪು ಹಾಕಿದಳು. ಬಾಯಿಯ ಹತ್ತಿರ ತಂದಾಗ ಮೊಣಕೈತನಕ ಮೆತ್ತಿದ್ದ ಕರಿ ಅಂಟು ನೆನಪಾಗಿ ವಾಕರಿಕೆ ಬಂತು. ಬುಟ್ಟಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದು, ಒಣರೊಟ್ಟಿಯನ್ನು ಚಹಾದಲ್ಲಿ ಅದ್ದಿಕೊಂಡು ತಿಂದಳು.